ಸಾಧಕರು ಬಾಳಿದ ಮನೆಗೆ ಸ್ಮಾರಕ ಫಲಕ ಹಾಕಿಸುವುದು ಹೇಗೆ: ವಿಳಾಸದ ಪತ್ತೆಯಿಂದ ನಿರ್ವಹಣೆಯವರೆಗೆ

ಲೇಖಕರು, ವಿಜ್ಞಾನಿಗಳು, ಗಾಯಕರು, ಸ್ವಾತಂತ್ರ್ಯ ಹೋರಾಟಗಾರರು ಬಾಳಿದ ಮನೆಗಳಿಗೆ ಫಲಕ ಹಾಕಿಸಲು ಊರಿನ ಸಾಹಿತ್ಯ ಬಳಗಗಳೂ ಬಡಾವಣೆಯ ಸಂಘಗಳೂ ಉತ್ಸಾಹದಿಂದ ಹೊರಡುತ್ತವೆ; ಆದರೆ ಆ ಪ್ರಯತ್ನಗಳು ಪದೇ ಪದೇ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ಜಯಂತಿಯ ದಿನ ನಿಗದಿಯಾಗುತ್ತದೆ, ಅತಿಥಿಗಳಿಗೆ ಆಹ್ವಾನ ಹೋಗುತ್ತದೆ, ಕಲ್ಲು ಕೆತ್ತಿಸಿ ತರಲಾಗುತ್ತದೆ, ಆಮೇಲೆ ಮನೆಯ ಮಾಲೀಕರನ್ನು ಕೇಳಲು ಹೋಗುತ್ತಾರೆ. ಅವರು ಒಪ್ಪದಿದ್ದರೆ, ಅಥವಾ ಮನೆಯೇ ಬೇರೆ ಎಂದು ಗೊತ್ತಾದರೆ, ಕೆತ್ತಿದ ಕಲ್ಲು ಯಾರದೋ ಗೋದಾಮಿನಲ್ಲಿ ಉಳಿಯುತ್ತದೆ.

ಸರಿಯಾದ ಅನುಕ್ರಮ ಇದಕ್ಕೆ ತದ್ವಿರುದ್ಧವಾದುದು. ಮೊದಲು ವಿಳಾಸದ ಸಾಕ್ಷ್ಯ, ನಂತರ ಮಾಲೀಕರ ಲಿಖಿತ ಒಪ್ಪಿಗೆ, ಆಮೇಲೆ ಬರಹ, ಅದಾದ ಬಳಿಕ ಕಲ್ಲು ಅಥವಾ ಲೋಹ, ಎಲ್ಲಕ್ಕಿಂತ ಕೊನೆಗೆ ಸಮಾರಂಭದ ದಿನಾಂಕ. ಒಂದು ಹಂತ ಕಾಗದದ ಮೇಲೆ ಪೂರ್ಣಗೊಳ್ಳುವವರೆಗೆ ಮುಂದಿನದಕ್ಕೆ ಹಣ ಖರ್ಚು ಮಾಡಬಾರದು.

ಮೊದಲೇ ಸಿದ್ಧವಾಗಿರಬೇಕಾದವು

ಅಳತೆಪಟ್ಟಿ, ಕ್ಯಾಮೆರಾ ಇರುವ ಮೊಬೈಲ್, ದಾಖಲೆಗಳ ನಕಲುಗಳನ್ನಿಡಲು ಒಂದು ಕಡತ, ಫಲಕದ ಪೂರ್ಣ ಗಾತ್ರದ ಕರಡನ್ನು ಮುದ್ರಿಸಿಕೊಡುವ ಅಂಗಡಿಯ ಪರಿಚಯ, ಹಳೆಯ ಗೋಡೆಗಳ ಕೆಲಸ ಬಲ್ಲ ಒಬ್ಬ ಮೇಸ್ತ್ರಿ ಇವಿಷ್ಟು ಬೇಕು. ಜೊತೆಗೆ, ತಂಡಕ್ಕೆ ಸೇರದ, ಕನ್ನಡ ಕಾಗುಣಿತವನ್ನು ಕಟ್ಟುನಿಟ್ಟಾಗಿ ನೋಡಬಲ್ಲ ಒಬ್ಬರು ಬೇಕು. ಕರಡನ್ನು ಹತ್ತು ಸಲ ಓದಿದವರ ಕಣ್ಣಿಗೆ ತಪ್ಪು ಕಾಣುವುದಿಲ್ಲ. ಹೊಸಬರಿಗೆ ಅದು ಮೊದಲ ನೋಟಕ್ಕೇ ಸಿಗುತ್ತದೆ.

ಹಂತ 1: ಯಾವ ಮನೆ ಎಂಬುದನ್ನು ತೀರ್ಮಾನಿಸಿ

ಒಬ್ಬ ವ್ಯಕ್ತಿಗೆ ಹಲವು ಮನೆಗಳಿರುತ್ತವೆ. ಶಿವರಾಮ ಕಾರಂತರು ಹುಟ್ಟಿದ್ದು ಕೋಟದಲ್ಲಿ, ದೀರ್ಘಕಾಲ ಬಾಳಿದ್ದು ಪುತ್ತೂರಿನಲ್ಲಿ, ಕೊನೆಯ ವರ್ಷಗಳನ್ನು ಕಳೆದದ್ದು ಸಾಲಿಗ್ರಾಮದಲ್ಲಿ. ಬೇಂದ್ರೆಯವರ ಹೆಸರು ಧಾರವಾಡದ ಸಾಧನಕೇರಿಯೊಡನೆ ಬೆಸೆದುಕೊಂಡಿದ್ದರೂ ಅವರು ಸೊಲ್ಲಾಪುರದಲ್ಲಿ ವರ್ಷಗಟ್ಟಲೆ ಅಧ್ಯಾಪಕರಾಗಿದ್ದರು. ಆದ್ದರಿಂದ ಹುಟ್ಟಿದ ಮನೆ, ಬೆಳೆದ ಮನೆ, ಮುಖ್ಯ ಕೆಲಸ ಮಾಡಿದ ಮನೆ, ತೀರಿಕೊಂಡ ಮನೆ ಇವುಗಳ ಪಟ್ಟಿ ಮಾಡಿ, ಯಾವುದು ಇಂದಿಗೂ ನಿಂತಿದೆ ಮತ್ತು ಯಾವುದು ಸಾರ್ವಜನಿಕ ರಸ್ತೆಯಿಂದ ಕಾಣುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಆಯ್ಕೆಯಲ್ಲಿ ಗೊಂದಲವಿದ್ದರೆ ಮುಖ್ಯ ಕೆಲಸ ನಡೆದ ಮನೆಗೆ ಆದ್ಯತೆ ಕೊಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇಲ್ಲಿ ನಮ್ಮ ಸಮಾಜಕ್ಕೇ ವಿಶಿಷ್ಟವಾದ ಒಂದು ತಪ್ಪು ನುಸುಳುತ್ತದೆ. ಹೆರಿಗೆಗೆ ತವರಿಗೆ ಹೋಗುವ ಪದ್ಧತಿಯಿಂದಾಗಿ ತಂದೆಯ ಊರಿನ ಮನೆ ಬಹಳ ಸಲ ಜನ್ಮಸ್ಥಳವಾಗಿರುವುದಿಲ್ಲ. ಕುವೆಂಪು ಅವರು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿರುವ ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಇಷ್ಟು ಪ್ರಸಿದ್ಧರ ವಿಷಯದಲ್ಲೇ ಜನರು ಎರಡನ್ನೂ ಬೆರೆಸುತ್ತಾರೆ. ‘ಈ ಮನೆಯಲ್ಲಿ ಜನಿಸಿದರು’ ಎಂದು ಬರೆಯುವ ಮೊದಲು ತಾಯಿಯ ತವರು ಯಾವುದೆಂದು ವಿಚಾರಿಸಿ.

ವ್ಯಕ್ತಿ ತೀರಿಕೊಂಡು ಎಷ್ಟು ವರ್ಷವಾಗಿರಬೇಕು ಎಂಬುದನ್ನೂ ತಂಡವು ಮೊದಲೇ ನಿರ್ಧರಿಸಬೇಕು. ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನಡೆಸುವ ಲಂಡನ್ನಿನ ನೀಲಿ ಫಲಕ ಯೋಜನೆಯಲ್ಲಿ ಮರಣಾನಂತರ 20 ವರ್ಷ ಕಳೆದಿರಬೇಕೆಂಬ ನಿಯಮವಿದೆ. ನಮ್ಮಲ್ಲಿ ಅಂತಹ ಕಡ್ಡಾಯವಿಲ್ಲದಿದ್ದರೂ ಇದು ಅನುಕರಣೀಯವಾದುದು. ಏಕೆಂದರೆ ಮರಣದ ಹೊಸತರಲ್ಲಿ ಭಾವೋದ್ವೇಗವೂ ಕುಟುಂಬದೊಳಗಿನ ಆಸ್ತಿ ಹಂಚಿಕೆಯೂ ಒಟ್ಟಿಗೆ ನಡೆಯುತ್ತಿರುತ್ತವೆ.

ಹಂತ 2: ವಿಳಾಸವನ್ನು ಸಾಬೀತುಪಡಿಸಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವ ಹಂತ ಇದು. ‘ಅವರು ಇದೇ ಮನೆಯಲ್ಲಿದ್ದರು ಎಂದು ನಮ್ಮ ತಾತ ಹೇಳುತ್ತಿದ್ದರು’ ಎಂಬುದು ಹುಡುಕಾಟ ಆರಂಭಿಸಲು ಸಾಕು, ಕಲ್ಲಿನಲ್ಲಿ ಕೆತ್ತಲು ಸಾಲದು. ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಎರಡು ಲಿಖಿತ ಆಧಾರಗಳು ಒಂದೇ ಮನೆಯನ್ನು ತೋರಿಸಿದ ಮೇಲಷ್ಟೇ ಮುಂದುವರಿಯಬೇಕು.

ಮೊದಲು ಆ ವ್ಯಕ್ತಿಯ ಕಡೆಯಿಂದ ಹುಡುಕಿ. ಲೇಖಕರಾಗಿದ್ದರೆ ಅವರ ಪುಸ್ತಕಗಳ ಮೊದಲ ಮುದ್ರಣಗಳನ್ನು ನೋಡಿ. ಕನ್ನಡ ಪುಸ್ತಕಗಳ ಅರಿಕೆ ಮತ್ತು ಮುನ್ನುಡಿಗಳ ಕೊನೆಯಲ್ಲಿ ಊರು, ಬಡಾವಣೆ ಮತ್ತು ದಿನಾಂಕವನ್ನು ಮುದ್ರಿಸುವ ರೂಢಿ ಇರುವುದರಿಂದ ಯಾವ ವರ್ಷ ಎಲ್ಲಿದ್ದರು ಎಂಬುದರ ಸರಣಿಯೇ ದೊರೆಯುತ್ತದೆ. ಮರುಮುದ್ರಣಗಳಲ್ಲಿ ಈ ಸಾಲುಗಳು ಬಿಟ್ಟುಹೋಗಿರಬಹುದು. ಕಾಗದಪತ್ರಗಳ ಮೇಲಿನ ವಿಳಾಸ ಮತ್ತು ಅಂಚೆ ಮುದ್ರೆ, ಮಕ್ಕಳ ಶಾಲಾ ದಾಖಲಾತಿ ಪುಸ್ತಕ, ಹಳೆಯ ಮತದಾರರ ಪಟ್ಟಿ, ದೂರವಾಣಿ ಕೈಪಿಡಿ, ಮದುವೆಯ ಲಗ್ನಪತ್ರಿಕೆ ಇವೆಲ್ಲವೂ ಸಾಕ್ಷ್ಯಗಳೇ. ಸರ್ಕಾರಿ ನೌಕರರಾಗಿದ್ದವರ ಬಗ್ಗೆ ರಾಜ್ಯ ಪತ್ರಾಗಾರ ಇಲಾಖೆಯ ಕಡತಗಳಲ್ಲಿ ಹುಡುಕಬಹುದು.

ಅನಂತರ ಮನೆಯ ಕಡೆಯಿಂದ ಹುಡುಕಿ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆಯುವ ಋಣಭಾರ ಪ್ರಮಾಣಪತ್ರ, ಮಾಲೀಕರ ಬಳಿಯ ಹಳೆಯ ಕ್ರಯಪತ್ರ, ನಗರಸಭೆ ಅಥವಾ ಗ್ರಾಮ ಪಂಚಾಯಿತಿಯ ಖಾತೆ ಮತ್ತು ಕಂದಾಯದ ರಸೀದಿಗಳಿಂದ ಆಸ್ತಿ ಯಾರಿಂದ ಯಾರಿಗೆ ಬಂತು ಎಂಬುದು ತಿಳಿಯುತ್ತದೆ. ಆದರೆ ಸಾಧಕರು ಬಾಡಿಗೆದಾರರಾಗಿದ್ದರೆ ಅವರ ಹೆಸರು ಈ ಯಾವ ದಾಖಲೆಯಲ್ಲೂ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ಆ ಕಾಲದ ಮಾಲೀಕರ ಹೆಸರನ್ನು ದಾಖಲೆಯಿಂದ ಪಡೆದು, ಸಾಧಕರ ಪತ್ರಗಳಲ್ಲಿಯೋ ಆತ್ಮಕಥೆಯಲ್ಲಿಯೋ ‘ಇಂತಹವರ ಮನೆಯಲ್ಲಿ ಬಾಡಿಗೆಗೆ ಇದ್ದೆವು’ ಎಂಬ ಮಾತು ಇದೆಯೇ ಎಂದು ತಾಳೆ ನೋಡಬೇಕು.

ಎಚ್ಚರಿಕೆಯ ಚಿಹ್ನೆಗಳು ಇಲ್ಲಿ ಹಲವು. ನಗರಗಳಲ್ಲಿ ಮನೆ ಸಂಖ್ಯೆಗಳು ಬದಲಾಗಿವೆ, ಅಡ್ಡರಸ್ತೆಗಳಿಗೆ ಹೊಸ ಹೆಸರು ಬಂದಿದೆ, ಒಂದು ನಿವೇಶನ ಒಡೆದು ಮೂರಾಗಿದೆ. ಹಾಗಾಗಿ 1940ರ ಪತ್ರದಲ್ಲಿರುವ ಸಂಖ್ಯೆಯೂ ಇಂದಿನ ಬಾಗಿಲಿನ ಮೇಲಿರುವ ಸಂಖ್ಯೆಯೂ ಒಂದೇ ಆಗಿದ್ದರೆ ಸಂತೋಷಪಡುವ ಬದಲು ಅನುಮಾನಿಸಿ. ಹಳೆಯ ಮತ್ತು ಹೊಸ ಸಂಖ್ಯೆ ಎರಡನ್ನೂ ನಮೂದಿಸಿರುವ ಕಂದಾಯ ರಸೀದಿ ಸಿಕ್ಕಿದರೆ ಆ ಗಂಟು ಬಿಚ್ಚುತ್ತದೆ. ಹಾಗೆಯೇ, ಎಲ್ಲ ಪುಸ್ತಕಗಳೂ ಒಂದೇ ವಾಕ್ಯವನ್ನು ಅದೇ ಪದಗಳಲ್ಲಿ ಹೇಳುತ್ತಿದ್ದರೆ ಅವು ಒಂದರಿಂದೊಂದು ನಕಲಾಗಿವೆ ಎಂದು ಭಾವಿಸಿ, ಒಂದೇ ಆಧಾರವಾಗಿ ಎಣಿಸಿ.

ದಿನಾಂಕಗಳಿಗೂ ಇದೇ ಪರೀಕ್ಷೆ ಬೇಕು. ವಿಶ್ವೇಶ್ವರಯ್ಯನವರಂತಹವರ ಹುಟ್ಟಿದ ವರ್ಷವೇ ಕೆಲವೆಡೆ 1860 ಎಂದೂ ಕೆಲವೆಡೆ 1861 ಎಂದೂ ಅಚ್ಚಾಗಿದೆ. ಜಾತಕದಲ್ಲಿ ಸಂವತ್ಸರದ ಹೆಸರು ಮಾತ್ರ ಇದ್ದರೆ ಎರಡು ಸಂಗತಿಗಳನ್ನು ನೆನಪಿಡಿ: ಅದೇ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ, ಸಂವತ್ಸರವು ಯುಗಾದಿಯಿಂದ ಯುಗಾದಿಗೆ ಸಾಗುವುದರಿಂದ ಮಾಘ, ಫಾಲ್ಗುಣ ಮಾಸಗಳಲ್ಲಿ ಹುಟ್ಟಿದವರ ಇಸವಿಯು ಆ ಸಂವತ್ಸರ ಆರಂಭವಾದ ಇಸವಿಗಿಂತ ಒಂದು ಹೆಚ್ಚಾಗಿರುತ್ತದೆ.

ಹಂತ 3: ಮಾಲೀಕರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ

ಮನೆಯಲ್ಲಿ ಈಗ ವಾಸಿಸುವವರು ಮಾಲೀಕರೇ ಆಗಿರಬೇಕೆಂದಿಲ್ಲ. ಬಾಡಿಗೆದಾರರ ಒಪ್ಪಿಗೆಯಿಂದ ಕೆಲಸ ನಡೆಯದು. ಅವಿಭಕ್ತ ಆಸ್ತಿಯಾಗಿದ್ದರೆ ಎಲ್ಲ ಹಕ್ಕುದಾರರೂ ಸಹಿ ಹಾಕಬೇಕು. ಹಿರಿಯಣ್ಣ ಒಪ್ಪಿದರು ಎಂದು ಮುಂದುವರಿದರೆ, ಊರಿಗೆ ಬಂದ ತಮ್ಮಂದಿರು ಫಲಕವನ್ನು ಕಿತ್ತುಹಾಕಿಸಬಹುದು. ವಿಭಾಗದ ದಾವೆ ನ್ಯಾಯಾಲಯದಲ್ಲಿದೆ ಎಂದು ತಿಳಿದರೆ ಅದು ಇತ್ಯರ್ಥವಾಗುವವರೆಗೆ ಕೆಲಸವನ್ನು ನಿಲ್ಲಿಸಿ.

ಮಾಲೀಕರ ಹಿಂಜರಿಕೆಗೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ: ಸರ್ಕಾರ ಮನೆಯನ್ನು ವಶಪಡಿಸಿಕೊಂಡೀತು, ಮುಂದೆ ಮಾರಲು ಅಥವಾ ಕೆಡವಿ ಕಟ್ಟಲು ತೊಡಕಾದೀತು, ಅಪರಿಚಿತರು ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿಯಾರು. ಮೊದಲೆರಡಕ್ಕೆ ನೇರವಾದ ಉತ್ತರವಿದೆ. ಖಾಸಗಿಯಾಗಿ ಹಾಕಿದ ಫಲಕದಿಂದ ಮನೆಯ ಒಡೆತನವಾಗಲಿ ಮಾರಾಟದ ಹಕ್ಕಾಗಲಿ ಬದಲಾಗುವುದಿಲ್ಲ, ಮನೆಗೆ ಸಂರಕ್ಷಿತ ಸ್ಥಾನವೂ ದೊರೆಯುವುದಿಲ್ಲ. ಮೂರನೆಯ ಆತಂಕ ನ್ಯಾಯವಾದುದು. ಫಲಕದ ಕೆಳಗೆ ‘ಖಾಸಗಿ ನಿವಾಸ, ಒಳಗೆ ಪ್ರವೇಶವಿಲ್ಲ’ ಎಂಬ ಸಣ್ಣ ಸಾಲು ಸೇರಿಸಲು ನೀವಾಗಿಯೇ ಮುಂದಾಗಿ. ಮೊದಲ ಭೇಟಿಗೆ ಇಬ್ಬರಿಗಿಂತ ಹೆಚ್ಚು ಜನ ಹೋಗಬೇಡಿ, ಪತ್ರಕರ್ತರನ್ನು ಕರೆದೊಯ್ಯಲೇಬೇಡಿ, ಸಾಕ್ಷ್ಯಗಳ ಕಡತವನ್ನು ಅವರ ಕೈಗೆ ಕೊಟ್ಟು ಓದಲು ಸಮಯ ನೀಡಿ.

ಒಪ್ಪಿಗೆ ಪತ್ರದಲ್ಲಿ ಫಲಕದ ಅಳತೆ ಮತ್ತು ಜಾಗ (ಗುರುತು ಮಾಡಿದ ಛಾಯಾಚಿತ್ರದೊಡನೆ), ಖರ್ಚು ಭರಿಸುವವರು, ಗೋಡೆಗೆ ಹಾನಿಯಾದರೆ ಸರಿಪಡಿಸುವ ಹೊಣೆ, ಮನೆ ಮಾರಾಟವಾದರೆ ಅಥವಾ ಕೆಡವಿದರೆ ಫಲಕವನ್ನು ಯಾರಿಗೆ ಹಿಂದಿರುಗಿಸಬೇಕು ಎಂಬುದು, ವಿಳಾಸವನ್ನು ಸಾರ್ವಜನಿಕವಾಗಿ ಪ್ರಕಟಿಸಬಹುದೇ ಎಂಬುದು ಇರಲೇಬೇಕು. ಬಾಯಿಮಾತಿನ ‘ಆಗಲಿ, ಹಾಕಿ’ ಒಪ್ಪಿಗೆಯಾಗುವುದಿಲ್ಲ. ಸಾಧಕರ ಕುಟುಂಬದವರು ಈಗ ಮಾಲೀಕರಲ್ಲದಿದ್ದರೂ ಅವರಿಗೂ ವಿಷಯ ತಿಳಿಸುವುದು ಕರ್ತವ್ಯ. ಹೆಸರಿನ ಕಾಗುಣಿತದ ಕುರಿತ ಆಕ್ಷೇಪಣೆಗಳು ಬರುವುದು ಅಲ್ಲಿಂದಲೇ.

ಹಂತ 4: ಇತರ ಅನುಮತಿಗಳನ್ನು ಪರಿಶೀಲಿಸಿ

ಖಾಸಗಿ ಮನೆಯ ಸ್ವಂತ ಗೋಡೆಗೆ ಸಣ್ಣ ಫಲಕ ಹಾಕುವಾಗ ಮುಖ್ಯವಾದುದು ಮಾಲೀಕರ ಒಪ್ಪಿಗೆಯೇ. ಆದರೆ ಪಾದಚಾರಿ ಮಾರ್ಗದಲ್ಲಿ ಅಥವಾ ರಸ್ತೆಯಂಚಿನಲ್ಲಿ ಕಂಬ ನಿಲ್ಲಿಸುವುದಾದರೆ ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಬೇಕು. ಮನೆಯು ರಾಜ್ಯದ ಸಂರಕ್ಷಿತ ಕಟ್ಟಡವಾಗಿದ್ದರೆ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯನ್ನು ಕೇಳದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ. ಶ್ರೀರಂಗಪಟ್ಟಣ, ಬಾದಾಮಿಯಂತಹ ಊರುಗಳಲ್ಲಿ ಇನ್ನೊಂದು ತೊಡಕಿದೆ: ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ ಇರುವುದರಿಂದ ಅಲ್ಲಿ ಹೊಸದಾಗಿ ಪೀಠ ಅಥವಾ ಕಂಬ ಕಟ್ಟುವ ಮೊದಲು ವಿಚಾರಿಸಲೇಬೇಕು.

ಹಂತ 5: ಬರಹವನ್ನು ಸಿದ್ಧಪಡಿಸಿ

ಫಲಕದ ಮೇಲೆ ನಾಲ್ಕು ಸಂಗತಿಗಳು ಸಾಕು: ಹೆಸರು, ಹುಟ್ಟು ಮತ್ತು ಮರಣದ ವರ್ಷಗಳು, ಏನಾಗಿದ್ದರು ಎಂಬುದು ಎರಡು ಅಥವಾ ಮೂರು ಪದಗಳಲ್ಲಿ, ಮತ್ತು ಈ ಮನೆಯೊಡನೆ ಅವರ ಸಂಬಂಧ ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬುದು. ಪ್ರಶಸ್ತಿಗಳ ಪಟ್ಟಿ, ಕೃತಿಗಳ ಪಟ್ಟಿ, ‘ಮಹಾನ್’, ‘ಮೇರು’, ‘ಅಪ್ರತಿಮ’ ಎಂಬ ವಿಶೇಷಣಗಳು ಅಕ್ಷರಗಳನ್ನು ಕಿರಿದಾಗಿಸುತ್ತವೆಯೇ ಹೊರತು ದಾರಿಹೋಕರಿಗೆ ಏನನ್ನೂ ತಿಳಿಸುವುದಿಲ್ಲ. ಹೆಸರನ್ನು ಆ ವ್ಯಕ್ತಿ ತಾವೇ ಕನ್ನಡದಲ್ಲಿ ಸಹಿ ಮಾಡುತ್ತಿದ್ದ ರೂಪದಲ್ಲಿ ಬರೆಯಿರಿ. ಕಾವ್ಯನಾಮದಿಂದ ಪ್ರಸಿದ್ಧರಾಗಿದ್ದರೆ ಕಾವ್ಯನಾಮ ದೊಡ್ಡದಾಗಿಯೂ ನಿಜನಾಮ ಕೆಳಗೆ ಸಣ್ಣದಾಗಿಯೂ ಇರಲಿ.

ಕ್ರಿಯಾಪದದ ಆಯ್ಕೆಯಲ್ಲಿ ಪ್ರಾಮಾಣಿಕತೆ ಬೇಕು. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿರುವ ರವೀಂದ್ರನಾಥ ಟಾಗೋರರ ಫಲಕವು ಅವರು 1912ರಲ್ಲಿ ಅಲ್ಲಿ ತಂಗಿದ್ದರು ಎಂದಷ್ಟೇ ಹೇಳುತ್ತದೆ. ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದ, ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಗೂಢಚಾರಿಣಿಯಾಗಿದ್ದ ನೂರ್ ಇನಾಯತ್ ಖಾನ್ ಅವರಿಗೆ ಅದೇ ನಗರದ ಟ್ಯಾವಿಟನ್ ಬೀದಿಯಲ್ಲಿ 2020ರಲ್ಲಿ ಹಾಕಿದ ಫಲಕದಲ್ಲಿಯೂ ‘ವಾಸಿಸಿದ್ದರು’ ಎನ್ನದೆ ‘ತಂಗಿದ್ದರು’ ಎಂಬ ಅರ್ಥದ ಮಾತನ್ನೇ ಬಳಸಲಾಗಿದೆ. ಎರಡು ವಾರ ಅತಿಥಿಯಾಗಿದ್ದ ಮನೆಗೆ ‘ಬಾಳಿದ ಮನೆ’ ಎಂದು ಬರೆದರೆ ಫಲಕವೇ ತಪ್ಪು ದಾಖಲೆಯಾಗಿ ಮುಂದಿನವರ ದಾರಿ ತಪ್ಪಿಸುತ್ತದೆ. ಮೂಲ ಕಟ್ಟಡ ಉಳಿದಿಲ್ಲದಿದ್ದರೆ ‘ಈ ಮನೆಯಲ್ಲಿ’ ಎಂಬುದರ ಬದಲು ‘ಈ ಸ್ಥಳದಲ್ಲಿದ್ದ ಮನೆಯಲ್ಲಿ’ ಎಂದು ಬರೆಯಬೇಕು.

ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ದಾನಿಗಳು, ಗುತ್ತಿಗೆದಾರರು ಇವರ ಹೆಸರುಗಳು ಈ ಫಲಕದ ಮೇಲೆ ಬೇಡವೇ ಬೇಡ ಎಂಬುದು ನನ್ನ ದೃಢ ಅಭಿಪ್ರಾಯ. ಕವಿಯ ಹೆಸರಿಗಿಂತ ಗಣ್ಯರ ಹೆಸರುಗಳೇ ಹೆಚ್ಚು ಜಾಗ ಹಿಡಿದಿರುವ ಕಲ್ಲು ಆ ಕವಿಯ ಸ್ಮಾರಕವಾಗುವುದಿಲ್ಲ. ಹಾಕಿಸಿದ ಸಂಸ್ಥೆಯ ಹೆಸರು ಮತ್ತು ವರ್ಷ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದ್ದರೆ ಸಾಕು. ಉಳಿದವರ ಹೆಸರುಗಳು ಆಹ್ವಾನ ಪತ್ರಿಕೆಯಲ್ಲಿರಲಿ.

ಹಂತ 6: ಅಕ್ಷರಗಳ ಕರಡನ್ನು ಪರೀಕ್ಷಿಸಿ

ಕನ್ನಡ ಫಲಕಗಳು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಬರಹವನ್ನು ಯೂನಿಕೋಡ್‌ನಲ್ಲಿ ಸಿದ್ಧಪಡಿಸಿ ಕಳುಹಿಸಿದಾಗ, ಕೆತ್ತುವವರ ಗಣಕದಲ್ಲಿರುವ ಹಳೆಯ ವಿನ್ಯಾಸ ತಂತ್ರಾಂಶಕ್ಕೆ ಅದನ್ನು ಸರಿಯಾಗಿ ಜೋಡಿಸಲು ಬಾರದೆ ಒತ್ತಕ್ಷರಗಳು ಬಿಡಿಯಾಗುತ್ತವೆ. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಸಂಕೇತಕ್ಕೆ ಪರಿವರ್ತಿಸುವಾಗ ಅರ್ಕಾವೊತ್ತು ಸ್ಥಾನ ತಪ್ಪುತ್ತದೆ, ದೀರ್ಘದ ಚಿಹ್ನೆ ಮಾಯವಾಗುತ್ತದೆ. ಆದ್ದರಿಂದ ಪಠ್ಯವನ್ನು ವಾಟ್ಸ್‌ಆ್ಯಪ್‌ನಲ್ಲಿ ಟೈಪಿಸಿ ಕಳುಹಿಸುವ ಬದಲು, ಅಕ್ಷರಗಳನ್ನು ರೇಖಾರೂಪಕ್ಕೆ ಪರಿವರ್ತಿಸಿದ ಪಿಡಿಎಫ್ ಕಡತವನ್ನೇ ಕೊಡಿ. ಅಂಗಡಿಯಲ್ಲಿ ಯಾರೂ ಯಾವ ಪದವನ್ನೂ ಮತ್ತೆ ಟೈಪಿಸಬಾರದೆಂದು ಸ್ಪಷ್ಟವಾಗಿ ಹೇಳಿ.

ಪರಿಶೀಲನೆಯಲ್ಲಿ ವಿಶೇಷವಾಗಿ ನೋಡಬೇಕಾದವು ಎರಡು ಒತ್ತುಗಳಿರುವ ಪದಗಳು. ‘ರಾಷ್ಟ್ರಕವಿ’ಯ ‘ಷ್ಟ್ರ’, ‘ಶಾಸ್ತ್ರಿ’ಯ ‘ಸ್ತ್ರಿ’ ಇವುಗಳಲ್ಲಿ ಕೆಳಗಿನ ಒತ್ತು ಮುಂದಿನ ಸಾಲಿಗೆ ತಗುಲಬಾರದು, ಹಾಗೂ ಕೆತ್ತುವ ಉಳಿ ಅಥವಾ ಯಂತ್ರಕ್ಕೆ ಆ ಸಣ್ಣ ತಿರುವುಗಳು ಎಟುಕುವಷ್ಟು ದೊಡ್ಡದಾಗಿರಬೇಕು. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್ ಫಲಕಗಳ ಅಳತೆಯಲ್ಲಿ ಇಟ್ಟರೆ ಕನ್ನಡದ ಒತ್ತುಗಳಿಗೆ ಜಾಗ ಸಾಲುವುದಿಲ್ಲ. ಅಕ್ಷರದ ಎತ್ತರಕ್ಕೆ ಹತ್ತು ಅಡಿ ದೂರಕ್ಕೆ ಒಂದು ಇಂಚು ಎಂಬ ಲೆಕ್ಕ ಹಿಡಿಯಬಹುದು. ಒತ್ತನ್ನು ಬಿಟ್ಟು ಮೂಲಾಕ್ಷರವನ್ನು ಮಾತ್ರ ಅಳೆಯಬೇಕು.

ಬಳಿಕ ಪೂರ್ಣ ಗಾತ್ರದ ಕರಡನ್ನು ಕಾಗದದಲ್ಲಿ ಮುದ್ರಿಸಿ, ಮಾಲೀಕರ ಅನುಮತಿಯಿಂದ ನಿಗದಿತ ಜಾಗದಲ್ಲಿ ಅಂಟಿಸಿ, ರಸ್ತೆಯ ಆಚೆ ಬದಿಯಿಂದ ಮಧ್ಯಾಹ್ನವೂ ಸಂಜೆಯೂ ಓದಿ ನೋಡಿ. ಈ ಒಂದು ಪರೀಕ್ಷೆಯಲ್ಲಿ ಗಾತ್ರ, ಜಾಗ, ಎತ್ತರ, ಕಾಗುಣಿತ ನಾಲ್ಕೂ ಒಟ್ಟಿಗೆ ಗೊತ್ತಾಗುತ್ತವೆ. ಅಂತಿಮ ಕರಡಿನ ಮೇಲೆ ತಂಡದವರು, ಮಾಲೀಕರು ಮತ್ತು ಕೆತ್ತುವವರು ಸಹಿ ಹಾಕಲಿ. ತಪ್ಪಾದರೆ ಯಾರ ಖರ್ಚಿನಲ್ಲಿ ಸರಿಪಡಿಸಬೇಕೆಂಬ ಪ್ರಶ್ನೆಗೆ ಆ ಸಹಿಗಳೇ ಉತ್ತರ.

ಹಂತ 7: ವಸ್ತುವನ್ನು ಆಯ್ಕೆ ಮಾಡಿ

ಕಪ್ಪು ಗ್ರಾನೈಟ್ ಎಲ್ಲೆಡೆ ಸಿಗುತ್ತದೆ, ಬಹುಕಾಲ ಬಾಳುತ್ತದೆ. ಆದರೆ ಕನ್ನಡಿಯಂತೆ ಹೊಳಪು ಕೊಟ್ಟ ಕಲ್ಲಿನಲ್ಲಿ ಎದುರಿನ ಬಿಸಿಲು ಪ್ರತಿಫಲಿಸಿ ಅಕ್ಷರಗಳು ಕಾಣುವುದಿಲ್ಲ. ಮೇಲ್ಮೈ ಮಂದವಾಗಿರಲಿ, ಅಕ್ಷರ ಆಳವಾಗಿರಲಿ. ಅಕ್ಷರಗಳಿಗೆ ತುಂಬುವ ಚಿನ್ನದ ಬಣ್ಣ ಕೆಲವು ವರ್ಷಗಳಲ್ಲಿ ಮಾಸುತ್ತದೆ, ಆಗಲೂ ಓದಬಲ್ಲಷ್ಟು ಕೆತ್ತನೆ ಇರಬೇಕು. ಒರಟು ಹರಳಿನ ಬೂದು ಕಲ್ಲಿನಲ್ಲಿ ಸಣ್ಣ ಒತ್ತುಗಳ ಅಂಚು ಚಕ್ಕೆಯೇಳುತ್ತದೆ. ಬಳಪದ ಕಲ್ಲಿನಲ್ಲಿ ಕೆತ್ತನೆ ಸೊಗಸಾಗಿ ಬಂದರೂ ಉಗುರಿನಿಂದಲೇ ಗೀರಬಹುದಾದ ಅದು ಬೀದಿಗೆ ತಕ್ಕುದಲ್ಲ.

ಹಿತ್ತಾಳೆ ಕಳುವಾಗುತ್ತದೆ, ಸುಣ್ಣದ ಗೋಡೆಯ ಮೇಲೆ ಹಸಿರು ಕಲೆ ಇಳಿಸುತ್ತದೆ. ಕರಾವಳಿಯಲ್ಲಿ ಉಕ್ಕನ್ನು ಬಳಸುವುದಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇರಬೇಕು, ಬೋಲ್ಟುಗಳೂ ಅದೇ ದರ್ಜೆಯವಾಗಿರಬೇಕು. ಇಲ್ಲದಿದ್ದರೆ ಉಪ್ಪುಗಾಳಿಗೆ ತುಕ್ಕಿನ ಗೆರೆಗಳು ಬೀಳುತ್ತವೆ. ಫ್ಲೆಕ್ಸ್, ಅಕ್ರಿಲಿಕ್ ಮತ್ತು ಅಂಟಿಸುವ ಅಕ್ಷರಗಳನ್ನು ಪರಿಗಣಿಸಲೇಬೇಡಿ.

ಹಂತ 8: ಗೋಡೆಗೆ ಜೋಡಿಸಿ

ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರ, 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಫಲಕ ಸುಮಾರು 15 ಕಿಲೋ ತೂಗುತ್ತದೆ. ಇದನ್ನು ಟೈಲ್ಸ್ ಅಂಟಿನಿಂದ ಅಥವಾ ಸಿಲಿಕೋನ್‌ನಿಂದ ಮಾತ್ರ ಹಿಡಿಸುವುದು ಅಪಾಯ. ಮಳೆಗಾಲದಲ್ಲಿ ಬಣ್ಣದ ಪದರದೊಡನೆ ಕಳಚಿ ಜನರ ಮೇಲೆ ಬೀಳಬಹುದು. ನಾಲ್ಕು ಮೂಲೆಗಳಲ್ಲಿ ಲೋಹದ ಪಿನ್ ಅಥವಾ ಬೋಲ್ಟ್ ಇರಲೇಬೇಕು.

ಗೋಡೆಯ ಜಾತಿಯನ್ನು ಮೊದಲು ತಿಳಿಯಿರಿ. ಸಿಮೆಂಟ್ ಗಾರೆಯ ಇಟ್ಟಿಗೆ ಗೋಡೆಗೆ ಸಾಮಾನ್ಯ ಆ್ಯಂಕರ್ ಬೋಲ್ಟ್ ಸರಿ. ಸುಣ್ಣದ ಗಾರೆಯ ಹಳೆಯ ಗೋಡೆ, ಮಣ್ಣಿನ ಗೋಡೆ ಅಥವಾ ಕರಾವಳಿಯ ಮುರಕಲ್ಲಿನ ಗೋಡೆಯಲ್ಲಿ ಬಿಗಿದಾಗ ಹಿಗ್ಗುವ ಈ ಬೋಲ್ಟುಗಳು ಒಳಗಿನಿಂದಲೇ ಬಿರುಕು ಬಿಡಿಸುತ್ತವೆ. ಅಂತಹ ಕಡೆ ಆಳವಾದ ರಂಧ್ರದಲ್ಲಿ ಪಿನ್ನನ್ನು ಸುಣ್ಣದ ಗಾರೆಯಲ್ಲೇ ಕೂರಿಸಬೇಕು, ಸಿಮೆಂಟ್ ಮೆತ್ತಬಾರದು, ಏಕೆಂದರೆ ಅದು ತೇವವನ್ನು ಗೋಡೆಯೊಳಗೇ ಹಿಡಿದಿಡುತ್ತದೆ. ಬೆರಳಿನಿಂದ ಕೆರೆದಾಗ ಗಾರೆ ಪುಡಿಯಾಗಿ ಉದುರುತ್ತಿದ್ದರೆ ಗೋಡೆಯ ಆಸೆ ಬಿಟ್ಟು ಕಾಂಪೌಂಡಿನೊಳಗೆ ಪ್ರತ್ಯೇಕ ಕಲ್ಲಿನ ಪೀಠ ಕಟ್ಟುವುದು ಲೇಸು. ಕಾಂಪೌಂಡ್ ಗೋಡೆಗೆ ಹಾಕುವವರು ರಸ್ತೆ ಅಗಲೀಕರಣದಲ್ಲಿ ಮೊದಲು ಹೋಗುವುದು ಅದೇ ಎಂಬುದನ್ನು ನೆನಪಿಡಬೇಕು.

ಕೈಗೆ ಎಟುಕದಂತೆ, ಭಿತ್ತಿಪತ್ರ ಅಂಟಿಸಲಾಗದಂತೆ ನೆಲದಿಂದ ಏಳೆಂಟು ಅಡಿ ಎತ್ತರದಲ್ಲಿ, ಸಾಧ್ಯವಾದರೆ ಸಜ್ಜೆಯ ಕೆಳಗೆ ಹಾಕಿ. ಹಿಂಬದಿಯಲ್ಲಿ ಅರ್ಧ ಸೆಂಟಿಮೀಟರಿನಷ್ಟು ಸಂದು ಬಿಟ್ಟರೆ ನೀರು ಇಳಿದುಹೋಗುತ್ತದೆ. ವಿದ್ಯುತ್ ಮೀಟರಿನ ಮೇಲೆ ಅಥವಾ ಸ್ವಿಚ್ಚಿನ ನೇರಕ್ಕೆ ರಂಧ್ರ ಕೊರೆಯಬೇಡಿ. ಒಳಗೆ ತಂತಿ ಹಾದಿರುತ್ತದೆ.

ಹಂತ 9: ಅನಾವರಣ ಮತ್ತು ದಾಖಲಾತಿ

ಫಲಕವನ್ನು ಸಮಾರಂಭಕ್ಕೆ ಎರಡು ವಾರ ಮೊದಲೇ ಜೋಡಿಸಿ ಬಟ್ಟೆಯಿಂದ ಮುಚ್ಚಿಡಿ. ಸಡಿಲವಾಗಿದ್ದರೆ ಅಷ್ಟರಲ್ಲಿ ತಿಳಿಯುತ್ತದೆ. ಪೆಂಡಾಲ್, ಧ್ವನಿವರ್ಧಕಗಳಿಂದ ನೆರೆಹೊರೆಯವರಿಗೆ ಆಗುವ ತೊಂದರೆಯ ಬಿಸಿ ತಟ್ಟುವುದು ಮಾಲೀಕರಿಗೆ. ಆದ್ದರಿಂದ ಭಾಷಣಗಳನ್ನು ಹತ್ತಿರದ ಶಾಲೆ ಅಥವಾ ಗ್ರಂಥಾಲಯದಲ್ಲಿ ಇಟ್ಟುಕೊಂಡು ಮನೆಯ ಮುಂದೆ ಅನಾವರಣವನ್ನಷ್ಟೇ ನಡೆಸಿ.

ಅದೇ ವಾರ ಸಾಕ್ಷ್ಯಗಳ ಕಡತ, ಒಪ್ಪಿಗೆ ಪತ್ರ, ಜೋಡಣೆಯ ಛಾಯಾಚಿತ್ರಗಳು ಮತ್ತು ಅಕ್ಷಾಂಶ-ರೇಖಾಂಶಗಳ ಮೂರು ಪ್ರತಿ ಮಾಡಿ ಒಂದನ್ನು ಮಾಲೀಕರಿಗೆ, ಒಂದನ್ನು ಊರಿನ ಗ್ರಂಥಾಲಯಕ್ಕೆ ಕೊಟ್ಟು ಒಂದನ್ನು ನೀವು ಇಟ್ಟುಕೊಳ್ಳಿ. ಮಾಲೀಕರು ಒಪ್ಪಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತಿಸಿ, ಛಾಯಾಚಿತ್ರವನ್ನು ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಿ.

ಹಂತ 10: ನಿರ್ವಹಣೆ, ಮತ್ತು ಮನೆ ಕೈಬದಲಾದಾಗ

ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಬೋಲ್ಟುಗಳನ್ನು ಪರೀಕ್ಷಿಸಿ. ನೀರು ಮತ್ತು ಮೆದುವಾದ ಬ್ರಷ್ ಸಾಕು. ಆಸಿಡ್ ಕಲ್ಲಿನ ಮೇಲ್ಮೈಯನ್ನು ತಿನ್ನುತ್ತದೆ. ಹುಣಸೆಹಣ್ಣಿನಿಂದ ಹಿತ್ತಾಳೆ ಉಜ್ಜಿದರೆ ಅದರ ರಕ್ಷಣಾ ಲೇಪ ಹೋಗುತ್ತದೆ. ಜಯಂತಿಯ ದಿನ ಅರಿಶಿನ ಕುಂಕುಮ ಹಚ್ಚಿ ಎಣ್ಣೆ ದೀಪ ಇಡುವ ಭಕ್ತಿಯನ್ನು ಗೌರವಿಸುತ್ತಲೇ, ಆ ಬಣ್ಣ ಮತ್ತು ಎಣ್ಣೆ ಕಲ್ಲಿನ ರಂಧ್ರಗಳಿಗೆ ಇಳಿದರೆ ತೆಗೆಯಲಾಗದೆಂದು ತಿಳಿಸಿ, ಹಾರಕ್ಕಾಗಿ ಫಲಕದಿಂದ ದೂರದಲ್ಲಿ ಬೇರೆಯೇ ಕೊಕ್ಕೆ ಹಾಕಿಸಿ.

ಫಲಕ ಇರುವುದರಿಂದ ಮನೆ ಉಳಿಯುತ್ತದೆ ಎಂದು ಭಾವಿಸಬೇಡಿ. ಲಂಡನ್ನಿನ ಯೋಜನೆಯ ಮೊಟ್ಟಮೊದಲ ಫಲಕವನ್ನು 1867ರಲ್ಲಿ ಕವಿ ಬೈರನ್ ಹುಟ್ಟಿದ ಹೋಲ್ಸ್ ಬೀದಿಯ ಮನೆಗೆ ಹಾಕಲಾಗಿತ್ತು. 1889ರಲ್ಲಿ ಆ ಮನೆಯನ್ನೇ ಕೆಡವಲಾಯಿತು. ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಿದಾಗ ಅದು ನಿಂತದ್ದು ಸುದ್ದಿ ಹೊರಬಿದ್ದು ಸಾರ್ವಜನಿಕರು ಎಚ್ಚೆತ್ತುಕೊಂಡಿದ್ದರಿಂದ. 2016ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಮನೆ ಮಾರಾಟಕ್ಕಿದೆ ಎಂದು ತಿಳಿದ ಕೂಡಲೇ ಹಳೆಯ ಒಪ್ಪಿಗೆ ಪತ್ರದ ಪ್ರತಿಯೊಡನೆ ಹೊಸ ಮಾಲೀಕರನ್ನು ಕಂಡು, ಅವರ ಹೆಸರಿನಲ್ಲಿ ಹೊಸ ಒಪ್ಪಿಗೆ ಪಡೆಯಿರಿ. ಅವರು ಮನೆ ಕೆಡವುವುದೇ ಖಚಿತವಾದರೆ ಕೆಲಸ ಆರಂಭವಾಗುವ ಮುನ್ನ ಫಲಕವನ್ನು ಬಿಚ್ಚಿಸಿ, ಮನೆಯ ಒಳಹೊರಗಿನ ಛಾಯಾಚಿತ್ರಗಳನ್ನು ತೆಗೆದು ಗ್ರಂಥಾಲಯದ ಕಡತಕ್ಕೆ ಸೇರಿಸಿ. ಹೊಸ ಕಟ್ಟಡ ಎದ್ದ ಮೇಲೆ ಹಳೆಯ ಫಲಕವನ್ನೇ ಮತ್ತೆ ಹಾಕಬೇಡಿ. ಅದರಲ್ಲಿರುವ ‘ಈ ಮನೆಯಲ್ಲಿ’ ಎಂಬ ಮಾತು ಈಗ ಸುಳ್ಳಾಗಿರುತ್ತದೆ. ‘ಈ ಸ್ಥಳದಲ್ಲಿದ್ದ ಮನೆಯಲ್ಲಿ’ ಎಂದು ತಿದ್ದಿದ ಬರಹದೊಡನೆ ಹಂತ 5ರಿಂದ ಕೆಲಸವನ್ನು ಮತ್ತೆ ಆರಂಭಿಸಿ.